ಪೇಯ್ ಆಡಿದ ಮಾತು

ಆಗೆಲ್ಲ ನಮ್ಮೂರಿಗೆ ಲೋಕದ ಸುದ್ದಿ ಸಂಜೆಯ ಟೌನ್ ಬಸ್ಸಿನಲ್ಲಿ, ಕಂಡಕ್ಟರನ ಕಾಲ ಬುಡದಲ್ಲಿ ಬಿದ್ದುಕೊಂಡು ಬರುತ್ತಿತ್ತು. ಕೊಯಮತ್ತೂರಿನಿಂದ ಅನ್ನೂರಿನ ಕಡೆಗೆ ಹೋಗುವ ಆ ಬಸ್ಸು ಆರುಚ್ಚಾಮಿ ಅಣ್ಣನ ಟೀ ಅಂಗಡಿಯ ಮುಂದೆ ವೇಗ ತಗ್ಗಿಸುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಹುರಿ ಬಿಗಿದ ಸಂಜೆ ಪೇಪರಿನ ಕಟ್ಟು ಧೂಳಿಗೆ ದಪ್ಪೆಂದು ಬೀಳುತ್ತಿತ್ತು, ಅದರ ಹಿಂದೆಯೇ ಪೋಸ್ಟರಿನ ಸುರುಳಿ. ಅಣ್ಣ ಬೋಂಡಾದ ಬಾಣಲೆಯನ್ನು ಅಲ್ಲೇ ಬಿಟ್ಟು ಓಡಿಬಂದು ಪೋಸ್ಟರನ್ನು ತಂತಿ ಚೌಕಟ್ಟಿಗೆ ಸಿಕ್ಕಿಸುತ್ತಿದ್ದ. ಕೊಲೆಯೋ, ಕಳ್ಳತನವೋ, ಓಡಿಹೋದ ಹೆಂಡತಿಯೋ, ಸಿಕ್ಕಿಬಿದ್ದ ಸನ್ಯಾಸಿಯೋ, ಮೊಳದುದ್ದದ ಅಕ್ಷರಗಳಲ್ಲಿ ಒಂದಲ್ಲ ಒಂದು ಇರಲೇಬೇಕು. ಆಡಿ ತಿಂಗಳು ಬಂತೆಂದರೆ, ಅಂದರೆ ನಿಮ್ಮ ಆಷಾಢ, ಪಾಲಕ್ಕಾಡಿನ ಕಡೆಯಿಂದ ನುಗ್ಗುವ ಗಾಳಿಗೆ ಆ ಪೋಸ್ಟರು ಪಟಪಟನೆ ಬಡಿದುಕೊಳ್ಳುತ್ತಿತ್ತು. ಸುದ್ದಿಗೇ ಆತುರವೇನೋ ಅನ್ನಿಸುತ್ತಿತ್ತು ನನಗೆ.

ನಾವು ಆ ಸೀಮೆಯಲ್ಲಿ ಎಷ್ಟೋ ತಲೆಮಾರಿನಿಂದ ಜೋಳ, ಕಡಲೆಕಾಯಿ ಬೆಳೆದುಕೊಂಡಿದ್ದ ಕನ್ನಡದ ಮನೆಯವರು. ಕನ್ನಡ ಹೊಸಿಲಿನ ಒಳಗಿನ ಮಾತು. ಹೊಸಿಲು ದಾಟಿದರೆ ಶಾಲೆಗೂ ಸಂತೆಗೂ ಜಗಳಕ್ಕೂ ತಮಿಳೇ. ಕನ್ನಡ ಅಕ್ಷರ ಮನೆಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನಾದರೂ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಬಸ್ಸಿನ ಬೋರ್ಡು ಓದಲಾರದೆ ಎರಡು ಸಲ ಬೇರೆ ಊರಿಗೆ ಹೋದ ನಂತರ.

ನಮ್ಮಜ್ಜಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ, ಆದರೆ ಸಂಜೆ ಪೇಪರು ಬೇಕೇ ಬೇಕು. ಟೀ ಅಂಗಡಿಗೆ ಹಾಲು ನಮ್ಮ ಮನೆಯದು. ಸಂಜೆ ಹಾಲಿನ ಕ್ಯಾನು ಖಾಲಿಯಾಗಿ ವಾಪಸು ಬರುವಾಗ ಅದರ ಹಿಡಿಗೆ ಸಿಕ್ಕಿಸಿಕೊಂಡು ಪೇಪರೂ ಬರುತ್ತಿತ್ತು. ಅಷ್ಟು ಹೊತ್ತಿಗೆ ಅಂಗಡಿಯ ಬೆಂಚಿನವರೆಲ್ಲ ಓದಿ, ಮಡಚಿ, ಮೇಲೆ ಟೀ ಗ್ಲಾಸು ಇಟ್ಟು, ಅದು ಹಿಟ್ಟಿನಂತೆ ಮೆತ್ತಗಾಗಿರುತ್ತಿತ್ತು. ಶಾಯಿ, ಎಣ್ಣೆ, ಹಾಲು ಮೂರೂ ಸೇರಿದ ಒಂದು ವಾಸನೆ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಓದುವವಳು ನಮ್ಮಕ್ಕ ಈಶ್ವರಿ. ಹತ್ತನೇ ಕ್ಲಾಸು. ತಿಣ್ಣೆಯ ಮೇಲೆ ಕೂತು ತಮಿಳಿನ ಒಂದೊಂದು ಸಾಲನ್ನು ಕಣ್ಣಲ್ಲೇ ಓದಿಕೊಂಡು ಬಾಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಕೇಳುವುದು. ನಾನು ಅಕ್ಕನ ತೊಡೆಯ ಪಕ್ಕ ಕೂತು ಗೆಜ್ಜುಗದ ಕಾಯಿ ಆಡುತ್ತಾ ಕೇಳುವುದು. ಅಜ್ಜಿ ಸುಮ್ಮನೆ ಕೇಳುವ ಜಾತಿಯಲ್ಲ. ಪೇಪರಿನಲ್ಲಿ ಸತ್ತವಳು, ಓಡಿಹೋದವಳು, ಮೋಸ ಹೋದವಳು ಎಲ್ಲರೂ ‘ಅಳಗಿ’, ಅಂದರೆ ಸುಂದರಿ. ಅಜ್ಜಿಗೆ ಅದೊಂದನ್ನು ತಡೆಯಲಾಗುತ್ತಿರಲಿಲ್ಲ.

‘ಅಲ್ಲ ಅಮ್ಮಣಿ, ಬಾವಿಗೆ ಬೀಳೋಳೆಲ್ಲ ಚೆಂದುಳ್ಳಿಯೇನಾ? ಸುಮಾರಾಗಿರೋಳು ಒಬ್ಳೂ ಬೀಳಾದೇ ಇಲ್ವಾ?’

‘ನಂಗೇನ್ ಗೊತ್ತಜ್ಜಿ, ಹಂಗ್ ಬರ್ದವ್ರೆ.’

‘ಯಾರ್ ನೋಡ್ದೋರಂತೆ ಅವಳ ಮೊಕಾವ?’

ಅದರಲ್ಲಿ ಪೊಲೀಸರು ಯಾವಾಗಲೂ ಬಲೆ ಬೀಸಿರುತ್ತಿದ್ದರು. ಗಂಡಂದಿರು ಕ್ರೂರಿಗಳು, ಅತ್ತೆಯರು ರಾಕ್ಷಸಿಯರು. ಸರ್ಕಾರಿ ಆಸ್ಪತ್ರೆಯಲ್ಲಿ ಯಾವಾಗಲೂ ಅಲಕ್ಷ್ಯ, ಶಾಲೆಯಲ್ಲಿ ಯಾವಾಗಲೂ ಪರಪರಪ್ಪು, ಅಂದರೆ ಗುಲ್ಲು. ಒಂದು ಸಲ ಊರೂರು ಸುತ್ತಿ ಈಚಲು ಬುಟ್ಟಿ ಮಾರುವ ಹೆಂಗಸರನ್ನು ‘ಮಕ್ಕಳ ಕಳ್ಳಿಯರ ಪಡೆ’ ಎಂದು ಬರೆದರು. ಆವತ್ತು ಮಾತ್ರ ಅಜ್ಜಿ ಯಾರು ನೋಡಿದರು ಅಂತ ಕೇಳಲಿಲ್ಲ. ವರ್ಷ ವರ್ಷ ನಮ್ಮ ತಿಣ್ಣೆಯ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದ ಬುಟ್ಟಿಯವಳು ಬೀದಿಯ ತುದಿಯಲ್ಲಿ ಕಂಡಾಗ, ನನ್ನ ರಟ್ಟೆ ಹಿಡಿದು ಒಳಗೆಳೆದು ಕದ ಹಾಕಿದಳು. ಬೀದಿಯ ಎಲ್ಲ ಕದಗಳೂ ಹಾಗೇ ಹಾಕಿಕೊಂಡವು.

ಅದಾದ ಮೇಲೆ ಬಂದದ್ದು ನಾನು ಹೇಳಹೊರಟಿರುವ ಆಡಿ.

ಆಡಿ ಶುಕ್ರವಾರ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಪ್ಪೊತ್ತು. ಬೆಳಗಿನಿಂದ ಏನೂ ಉಣ್ಣದೆ, ಸಂಜೆ ಮಾರಿಯಮ್ಮನ ಗುಡಿಯಲ್ಲಿ ದೀಪ ಹಚ್ಚಿದ ಮೇಲೆ ಊಟ. ಹತ್ತನೇ ಕ್ಲಾಸಿನ ಹುಡುಗಿಯರಿಗಂತೂ ಆ ವರ್ಷ ಪರೀಕ್ಷೆ ಪಾಸು ಮಾಡಿಸೆಂದು ಮಾರಿಯಮ್ಮನ ಹತ್ತಿರ ಬೇಡಿಕೊಳ್ಳುವುದಿತ್ತು. ಅಕ್ಕ ನೀರನ್ನೂ ಕುಡಿಯದೆ ಹೊರಟಳು. ಅವಳು ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ಆವತ್ತು ಶಾಲೆಗೆ ಯಾರೋ ಅಧಿಕಾರಿ ಬರುವವರಿದ್ದರಂತೆ, ಬರುವುದು ತಡವಾಯಿತಂತೆ. ಹುಡುಗಿಯರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮೊದಲು ಮುಂದಿನ ಸಾಲಿನವಳೊಬ್ಬಳು ಕುಸಿದಳು. ಅವಳನ್ನು ಹಿಡಿಯಲು ಹೋದವಳು ಬಿದ್ದಳು. ಆಮೇಲೆ ನಮ್ಮಕ್ಕ. ಹೆಡ್‌ಮಿಸ್ಟ್ರೆಸ್ಸೇ ಓಡಿಬಂದು ನೆರಳಿಗೆ ಎಳೆದು, ಮುಖಕ್ಕೆ ನೀರು ಚಿಮುಕಿಸಿ, ಕೈಯಿಂದ ದುಡ್ಡು ಕೊಟ್ಟು ಸೋಡಾ ತರಿಸಿ ಕುಡಿಸಿ, ಹುಷಾರಾಗಿ ಮನೆಗೆ ಕಳಿಸಿದರು. ಮನೆಗೆ ಬಂದ ಅಕ್ಕ ಹಿಟ್ಟು ಉಂಡು ಮಲಗಿದಳು. ಕಥೆ ಅಷ್ಟೇ ಆಗಬೇಕಿತ್ತು.

ಮಾರನೆಯ ಸಂಜೆ ಹಾಲು ಕೊಡಲು ಹೋದ ನಾನು ತಂತಿ ಚೌಕಟ್ಟಿನ ಮುಂದೆ ನಿಂತುಬಿಟ್ಟೆ. ಕೆಂಪು ಅಕ್ಷರ. ಹೆಣ್ಣುಮಕ್ಕಳ ಶಾಲೆಯಲ್ಲಿ ಪೇಯ್! ಪೇಯ್ ಅಂದರೆ ದೆವ್ವ. ಅದನ್ನು ತಮಿಳಿನಲ್ಲಿ ಅಂದರೇ ನಮಗೆ ಹೆಚ್ಚು ಹೆದರಿಕೆ. ಬೆಂಚಿನ ಮೇಲಿದ್ದವರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಆರುಚ್ಚಾಮಿ ಅಣ್ಣ ಕ್ಯಾನಿನ ಹಿಡಿಗೆ ಪೇಪರು ಸಿಕ್ಕಿಸಲಿಲ್ಲ. ನಾನೇ ಕೇಳಿ ಇಸಕೊಂಡೆ.

ಅಪ್ಪ ಓದಿ ತಿಣ್ಣೆಯ ಮೂಲೆಗೆ ಎಸೆದರು. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಜ್ಜಿ ಮಾತ್ರ ಎಂದಿನ ಜಾಗದಲ್ಲಿ ಕೂತು, ‘ಓದು ಅಮ್ಮಣಿ’ ಅಂದಳು. ಬೇರೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಅಕ್ಕ ತನ್ನ ಸುದ್ದಿಯನ್ನು ತಾನೇ ಓದಿದಳು.

‘ಹತ್ತನೇ ಕ್ಲಾಸ್ ಓದ್ತಿರೋ ಒಬ್ಬ ಇಳಂ ಅಳಗಿ...’ ಎಳೆಯ ಸುಂದರಿ, ಎಂದು.

‘ನಿನ್ನೂ ಅಳಗಿ ಅಂದ್ಬುಟ್ಟನಾ?’ ಅಜ್ಜಿ ಅಂದಳು. ಯಾರೂ ನಗಲಿಲ್ಲ.

ಶಾಲೆಯ ಹಿಂದಿನ ಹುಣಸೆಮರದಲ್ಲಿ ಬಹಳ ಕಾಲದಿಂದ ಪೇಯ್ ಇದೆಯೆಂದು ಹೇಳುತ್ತಾರಂತೆ. ಗುಂಪು ಗುಂಪಾಗಿ ವಿದ್ಯಾರ್ಥಿನಿಯರು ಕಿರುಚಿ ಬಿದ್ದರಂತೆ. ಶಾಲೆಯವರು ಮುಚ್ಚಿಹಾಕಲು ನೋಡುತ್ತಿದ್ದಾರಂತೆ. ಹೆಡ್‌ಮಿಸ್ಟ್ರೆಸ್ ಮೌನ ಸಾಧಿಸಿದ್ದಾರಂತೆ. ಅಷ್ಟನ್ನೂ ಅಕ್ಕ ಒಂದೇ ದನಿಯಲ್ಲಿ ಹೇಳಿಕೊಂಡು ಹೋದಳು. ಕೊನೆಯ ಸಾಲನ್ನು ಮಾತ್ರ ತಡೆತಡೆದು ಓದಿದಳು.

‘ಆ ಹುಡ್ಗಿ... ಹುಡ್ಗೀದಲ್ದೇ ಇರೋ ದನೀಲಿ... ಯಾರ್ಗೂ ಗೊತ್ತಿಲ್ದಿರೋ ವಿಚಿತ್ರ ಬಾಸೇಲಿ... ಪೇಯ್ ಮಾತಾಡ್ತು.’

ಅಜ್ಜಿಯ ಕುಟ್ಟಾಣಿ ನಿಂತಿತು. ‘ಏನಂತ ಮಾತಾಡ್ತಂತೆ?’

‘ಅದ ಬರ್ದಿಲ್ಲ.’

‘ನೀನ್ ಏನಂದೆ?’

ಅಕ್ಕ ಅಳತೊಡಗಿದಳು. ‘ಅವ್ವಾ, ನೀರ್ ಕೊಡವ್ವಾ ಅಂದೆ ಅಜ್ಜಿ. ಅಷ್ಟೇ ಅಂದಿದ್ದು.’

ಗಾಳಿಗೆ ಪೇಪರು ಹಾರಿ ಹೋಗಿ ದನದ ಗೂಟಕ್ಕೆ ಸಿಕ್ಕಿಕೊಂಡಿತು. ನನಗಾಗ ಎಂಟೋ ಒಂಬತ್ತೋ ವರ್ಷ. ಅವ್ವ ನನಗೆ ತಲೆ ಬಾಚುತ್ತಾ ಆಡುವ ಮಾತು, ಅಪ್ಪ ಎತ್ತುಗಳನ್ನು ಗದರಿಸುವ ಮಾತು, ನಾನು ಕನಸು ಕಾಣುವ ಮಾತು ಪೇಯ್‌ನದು ಎಂದು ಅಚ್ಚಾಗಿ ಬಂದಿತ್ತು. ಅಚ್ಚಾದದ್ದು ಸುಳ್ಳಾದೀತು ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಸೋಮನೂರಿನಿಂದ ಮಾವ ಬಂದರು. ಅವ್ವನ ಅಣ್ಣ. ಅಲ್ಲಿ ಅವರದು ಪವರ್‌ಲೂಮಿನ ಸಣ್ಣ ಶೆಡ್ಡು. ಕೆಟ್ಟವರಲ್ಲ, ನಿಜಕ್ಕೂ ಗಾಬರಿಯಾಗಿ ಬಂದಿದ್ದರು. ಅವರ ಬೀದಿಯಲ್ಲೂ ಅದೇ ಪೋಸ್ಟರು ತೂಗಿತ್ತು.

‘ಬಾವಾ, ಇನ್ನ ಪಳ್ಳಿಕೂಡದ ಓದು ಸಾಕು. ಹುಡ್ಗೀನ ನನ್ ಜೊತೆ ಕಳ್ಸಿ. ನಮ್ಮನೇಲಿ ನೂಲು ಸುತ್ಕಂಡಿರ್ಲಿ. ಊರು ಮರ್ತ ಮೇಲೆ ಒಂದು ಗಂಡು ನೋಡಾವ. ಪೇಯ್ ಹಿಡ್ದ ಹುಡ್ಗಿ ಅಂತ ಹೆಸ್ರು ನಿಂತ್ಬುಟ್ರೆ ಚಿಕ್ಕೋಳ್ಗೂ ಕಷ್ಟ.’

ಚಿಕ್ಕವಳು ಅಂದರೆ ನಾನು. ಅಪ್ಪ ನೆಲ ನೋಡುತ್ತಾ ‘ಆಡಿ ಕಳೀಲಿ, ಕಳಿಸ್ತೀನಿ’ ಅಂದರು. ಅಕ್ಕ ಒಳಗೆ ಹೋಗಿ ತನ್ನ ಯೂನಿಫಾರ್ಮಿನ ದಾವಣಿಯನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟಳು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸಿನ ತನಕ ಬಂದ ಮೊದಲ ಹೆಣ್ಣು ಅವಳು. ಅವಳು ಅಷ್ಟು ಮೆಲ್ಲಗೆ ಟ್ರಂಕು ಮುಚ್ಚಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಅಜ್ಜಿ ಪೇಯ್ ಇಲ್ಲ ಅನ್ನುವವಳಾಗಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಊರಿನ ಯಾವ ಮರದಲ್ಲಿ ಯಾವ ಪೇಯ್ ಎಂದು ಅವಳಿಗೆ ಬಾಯಿಪಾಠ. ಶನಿವಾರವೇ ಉಪ್ಪು, ಒಣಮೆಣಸಿನಕಾಯಿ, ಮೂರು ದಾರಿ ಕೂಡುವಲ್ಲಿನ ಮಣ್ಣು ತಂದು ಅಕ್ಕನಿಗೆ ನಿವಾಳಿಸಿ ಒಲೆಗೆ ಹಾಕಿದ್ದಳು. ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದಕ್ಕೆ, ‘ಪೇಯ್ ಇದ್ದಿದ್ರೆ ಘಾಟೇ ಬತ್ತಿರ್ಲಿಲ್ಲ’ ಅಂದು ಅಲ್ಲಿಗೆ ಮುಗಿಸಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಎರಡು ದಿನ ಎಲೆಯಡಿಕೆ ಕುಟ್ಟುವಾಗಲೆಲ್ಲ ‘ಯಾರ್ಗೂ ಗೊತ್ತಿಲ್ದಿರೋ ಬಾಸೆ’ ಎಂದು ಗೊಣಗುತ್ತಿದ್ದಳು.

ಸೋಮವಾರ ಸಂಜೆ ಹಾಲಿನ ಕ್ಯಾನು ನನ್ನ ಕೈಗೆ ಕೊಡದೆ ತಾನೇ ಎತ್ತಿಕೊಂಡಳು. ‘ನೀನೂ ಬಾ’ ಅಂದಳು. ಟೀ ಅಂಗಡಿಯ ಮುಂದೆ ಹೆಂಗಸರು ನಿಲ್ಲುತ್ತಿರಲಿಲ್ಲ. ಅಜ್ಜಿ ಆ ಬೆಂಚಿನ ಹತ್ತಿರ ಹೋದದ್ದನ್ನು ನಾನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ. ಪೋಸ್ಟರು ಹೊಸದು ಬಂದಿತ್ತು. ಪೇಯ್‌ಗೆ ಹೆದರಿ ಶಾಲೆ ಖಾಲಿ! ಅವರು ಬರೆದದ್ದರಿಂದಲೇ ಖಾಲಿಯಾಗಿತ್ತು, ಅದನ್ನೂ ಅವರೇ ಬರೆದಿದ್ದರು. ಆರುಚ್ಚಾಮಿ ಅಣ್ಣನ ಮಗಳು ಕೂಡ, ಅಕ್ಕನ ಕ್ಲಾಸಿನವಳೇ, ಆವತ್ತು ಶಾಲೆಗೆ ಹೋಗದೆ ಅಂಗಡಿಯ ಹಿಂದೆ ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು.

ಅಜ್ಜಿ ಕ್ಯಾನು ಕೆಳಗಿಟ್ಟಳು. ಬೆಂಚಿನವರು ಎದ್ದು ನಿಂತರು. ಅವಳು ಎಲ್ಲರಿಗೂ ಕೇಳುವಂತೆ, ಶುದ್ಧ ನಮ್ಮ ಮನೆಯ ಕನ್ನಡದಲ್ಲಿ ಅಂದಳು:

‘ಆರುಚ್ಚಾಮೀ, ಗಂಟ್ಲು ಒಣಗ್ತಾ ಅದೆ. ಕುಡಿಯಾಕೆ ಒಂಚೂರು ನೀರ್ ಕೊಡಪ್ಪ.’

ಬೀದಿಯಲ್ಲಿ, ಅಷ್ಟು ಜನರ ಮುಂದೆ, ಅಷ್ಟು ಜೋರಾಗಿ ಕನ್ನಡ ಕೇಳಿದ್ದು ನನಗೆ ಅದೇ ಮೊದಲು. ನಾಚಿಕೆಯಾಗಿ ಅವಳ ಸೀರೆಯ ಹಿಂದೆ ಸರಿದೆ. ಆರುಚ್ಚಾಮಿ ಅಣ್ಣ ಮಾತ್ರ ಟೀ ಸೋಸುತ್ತಿದ್ದವನು ಸೋಸುವುದನ್ನು ಬಿಟ್ಟು, ಮಣ್ಣಿನ ಪಾನೆಯಿಂದ ಚೊಂಬು ತುಂಬಿ, ಎರಡೂ ಕೈಯಲ್ಲಿ ಹಿಡಿದು ಚಾಚಿದ.

‘ಇಂದಾಂಗ ಆತ್ತಾ.’ ತಗೊಳ್ಳಿ ತಾಯಿ, ಎಂದು.

ಅಜ್ಜಿ ಚೊಂಬು ಎತ್ತಿ, ಬಾಯಿಗೆ ತಾಗಿಸದೆ, ಅವಸರವಿಲ್ಲದೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ಏನಪ್ಪ ಆರುಚ್ಚಾಮಿ, ನಾನ್ ಏನ್ ಕೇಳ್ದೆ?’

‘ತಣ್ಣಿ ಕೇಟ್ಟೀಂಗ ಆತ್ತಾ.’ ನೀರು ಕೇಳಿದಿರಿ ತಾಯಿ, ಎಂದು.

‘ಯಾವ ಬಾಸೇಲಿ ಕೇಳ್ದೆ?’

ಅವನಿಗೆ ಅರ್ಥವಾಯಿತು. ಅವನ ಮುಖ ಪೋಸ್ಟರಿನ ಕಡೆ ತಿರುಗಿ, ಮತ್ತೆ ನೆಲದ ಕಡೆ ಬಂತು. ದಿನಾ ಬೆಳಿಗ್ಗೆ ಹಾಲಿಗೆ ನಮ್ಮ ಅಂಗಳಕ್ಕೆ ಬಂದು, ನಮ್ಮ ಮನೆಯ ಜಗಳ, ನಗೆ, ಬೈಗುಳ ಎಲ್ಲವನ್ನೂ ಕನ್ನಡದಲ್ಲೇ ಕೇಳಿಸಿಕೊಂಡು ಬೆಳೆದವನು ಅವನು.

‘ಉಂಗ ಊಟ್ಟು ಪೇಚ್ಚುಲದಾನುಂಗ,’ ಅಂದ. ನಿಮ್ಮ ಮನೆ ಮಾತಿನಲ್ಲೇ.

‘ನಮ್ಮನೆ ಮಾತು. ನನ್ನ ಮೊಮ್ಮಗ್ಳೂ ಬಿಸಿಲಲ್ಲಿ ಬಿದ್ದು ಇದೇ ಮಾತಲ್ಲಿ ಇದೇ ನೀರು ಕೇಳಿದ್ದು. ನನಗೆ ಚೊಂಬು ಕೊಟ್ಯಲ್ಲಾ, ಭಯ ಆಗ್ನಿಲ್ವಾ? ನಿಮ್ಮಲ್ಲಿ ಯಾರ್ಗೂ ಈ ಮಾತು ಗೊತ್ತಿಲ್ವಾ?’

ಆ ಬೆಂಚಿನವರೆಲ್ಲ ನಮ್ಮ ಮನೆಯ ಮದುವೆಗಳಲ್ಲಿ ಉಂಡವರು, ನಮ್ಮಪ್ಪನ ಜೊತೆ ಬಾವಿ ತೋಡಿದವರು. ಅವರಲ್ಲೊಬ್ಬ ಮುದುಕರು ‘ಪೇಪರ್‌ಲ ಪೋಟ್ಟಿರುಂದುದುಂಗ...’ ಅಂದರು. ಪೇಪರಿನಲ್ಲಿ ಹಾಕಿದ್ದರಲ್ಲ, ಅದಕ್ಕೇ.

‘ಪೇಪರ್ನೋನು ಈ ಊರ್ಗೆ ಒಂದ್ ಗಳಿಗೆ ಬಂದು ಹೋದೋನು,’ ಅಂದಳು ಅಜ್ಜಿ. ಈಗ ಮಾತ್ರ ತಮಿಳಿಗೆ ತಿರುಗಿ, ಒಬ್ಬೊಬ್ಬರ ಮುಖ ನೋಡಿ ಕೇಳಿದಳು. ‘ನೀವು ನಮ್ಮ ಹಾಲು ಎಷ್ಟು ಕಾಲದಿಂದ ಕುಡೀತಾ ಇದ್ದೀರಿ?’

ಮೊದಲು ನಕ್ಕದ್ದು ಅಂಗಡಿಯ ಹಿಂದೆ ಈರುಳ್ಳಿ ಹೆಚ್ಚುತ್ತಿದ್ದ ಆ ಹುಡುಗಿ. ಈರುಳ್ಳಿಯ ಕಣ್ಣೀರಿನಲ್ಲೇ ನಗುತ್ತಿದ್ದಳು. ಆಮೇಲೆ ಅವಳಪ್ಪ, ಆಮೇಲೆ ಬೆಂಚು ಪೂರ್ತಿ. ನಗೆ ನಿಂತ ಮೇಲೆ ಆರುಚ್ಚಾಮಿ ಅಣ್ಣ ಪೋಸ್ಟರನ್ನು ಚೌಕಟ್ಟಿನಿಂದ ಎಳೆದು, ನಾಲ್ಕಾಗಿ ಹರಿದು, ನನಗೆ ಬೋಂಡಾ ಕಟ್ಟಿಕೊಟ್ಟ. ದಾರಿಯಲ್ಲಿ ಎಣ್ಣೆ ಇಳಿದು ಇಳಿದು, ಮನೆ ಮುಟ್ಟುವಷ್ಟರಲ್ಲಿ ಪೇಯ್ ಅನ್ನುವ ಕೆಂಪು ಅಕ್ಷರ ನನ್ನ ಅಂಗೈಗೆ ಅಂಟಿಕೊಂಡಿತ್ತು. ನಾನದನ್ನು ಲಂಗಕ್ಕೆ ಒರೆಸಿಕೊಂಡು ಬೋಂಡಾ ತಿಂದೆ.

ಮಾರನೆಯ ಬೆಳಿಗ್ಗೆ ನಮ್ಮ ಹೊಸಿಲಿನ ಮುಂದೆ ಅದೇ ಹುಡುಗಿ, ಎರಡು ಜಡೆ ಹಾಕಿ, ಯೂನಿಫಾರ್ಮು ತೊಟ್ಟು ನಿಂತಿದ್ದಳು. ‘ಈಶ್ವರೀ, ಪೋಲಾಮಾ?’ ಹೋಗೋಣವಾ ಎಂದು ಕೂಗಿದಳು. ಅಷ್ಟೇ. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಆ ಹುಡುಗಿಯನ್ನು ನೋಡಿದರು. ಹಿಂದಿನ ಸಂಜೆಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

‘ಹಿಟ್ಟು ಉಂಡ್ಕಂಡು ಹೋಗು,’ ಅಂದರು.

ಅಕ್ಕ ಟ್ರಂಕಿನ ಹತ್ತಿರ ಓಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವ್ವ ಇಬ್ಬರಿಗೂ ಮಜ್ಜಿಗೆ ಹಾಕಿ ಹಿಟ್ಟು ಕಲೆಸಿ ಕೊಟ್ಟಳು. ಶುಕ್ರವಾರ ಬಂದಾಗ ಅಜ್ಜಿ ಹೊಸ ಕಾನೂನು ಮಾಡಿದಳು. ಓದುವ ಹುಡುಗಿಯರಿಗೆ ಈ ಮನೆಯಲ್ಲಿ ಒಪ್ಪೊತ್ತಿಲ್ಲ. ಮಾರಿಯಮ್ಮನಿಗೆ ಕೋಪ ಬಂದರೆ? ‘ಅವ್ಳ ಹತ್ರ ನಾನ್ ಮಾತಾಡ್ಕತೀನಿ, ಅವ್ಳೂ ಹೆಣ್ಣೇ ತಾನೆ’ ಅಂದಳು.

ಪೇಪರಿನವರು ತಪ್ಪಾಯಿತು ಎಂದು ಬರೆಯಲಿಲ್ಲ. ಬುಧವಾರದ ಪೋಸ್ಟರಿನಲ್ಲಿ ಬೇರೆ ಊರಿನ ಬೇರೆ ಅಳಗಿ. ಅಜ್ಜಿ ಪೇಪರು ಕೇಳುವುದನ್ನೂ ಬಿಡಲಿಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಬುಟ್ಟಿಯವಳು ಮತ್ತೆ ಬೀದಿಯ ತುದಿಯಲ್ಲಿ ಕಂಡಾಗ, ನಮ್ಮ ಮನೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದವಳನ್ನು ಅಜ್ಜಿಯೇ ಕೂಗಿ ಕರೆದು ತಿಣ್ಣೆಯ ಮೇಲೆ ಕೂರಿಸಿದಳು. ಮಜ್ಜಿಗೆಯ ಚೊಂಬು ಮುಂದಿಟ್ಟಳು. ‘ನಿನ್ ಮೇಲೂ ಬರ್ದ್ರು ತಾಯಿ, ನಮ್ ಮೇಲೂ ಬರ್ದ್ರು. ನಿನ್ನ ಸರದೀಲಿ ನಾನು ಕದ ಹಾಕ್ದೆ,’ ಅಂದಳು. ಬುಟ್ಟಿಯವಳು ಮಜ್ಜಿಗೆ ಕುಡಿದು, ಹೋಗುವಾಗ ನನಗೊಂದು ಪುಟ್ಟ ಈಚಲು ಗಿಲಕಿ ಕೊಟ್ಟಳು. ನಾನು ಗಿಲಕಿ ಆಡುವ ವಯಸ್ಸು ದಾಟಿದ್ದೆ, ಆದರೂ ಅದನ್ನು ಬಹಳ ದಿನ ಇಟ್ಟುಕೊಂಡಿದ್ದೆ.

ಅಕ್ಕ ಹತ್ತನೇ ಕ್ಲಾಸು ಪಾಸಾಗಿ, ಟೀಚರ್ ಟ್ರೈನಿಂಗ್ ಮುಗಿಸಿ, ಅನ್ನೂರಿನ ಸುತ್ತಮುತ್ತಲಿನ ಶಾಲೆಗಳಲ್ಲೇ ನಿವೃತ್ತಿಯ ತನಕ ಪಾಠ ಹೇಳಿದಳು. ಬೆಳಗಿನ ಪ್ರಾರ್ಥನೆಗೆ ಮುಂಚೆ ಮಕ್ಕಳನ್ನು ‘ತಿಂದ್ರಾ?’ ಎಂದು ಕೇಳುವ ಟೀಚರೆಂದೇ ಅವಳಿಗೆ ಹೆಸರು. ನಾನೂ ಓದಿದೆ. ನನಗೆ ಸಿಕ್ಕ ಬದುಕಿನಲ್ಲಿ ಆ ಚೊಂಬು ನೀರಿನ ಪಾಲು ಎಷ್ಟೆಂದು ನನಗೆ ಗೊತ್ತು. ಅಜ್ಜಿಗೆ, ಮರುಯೋಚನೆಯಿಲ್ಲದೆ ಕೈ ಚಾಚಿದ ಆರುಚ್ಚಾಮಿ ಅಣ್ಣನಿಗೆ, ಜಡೆ ಹಾಕಿಕೊಂಡು ಬಂದು ಕೂಗಿದ ಅವನ ಮಗಳಿಗೆ ನಾನು ಋಣಿ. ನಗಬೇಡಿ, ಆ ಹಾಳು ಪೇಪರಿಗೂ ನಾನು ಋಣಿಯೇ. ಅದನ್ನು ಕೇಳುತ್ತಾ ಕೇಳುತ್ತಲೇ ಯಾರು ನೋಡಿದ್ದು ಅಂತ ಕೇಳುವುದನ್ನು ಕಲಿತೆ.

ಈಗ ಸುದ್ದಿ ಬಸ್ಸಿಗೆ ಕಾಯುವುದಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ, ಇವರನ್ನು ನೋಡಿದರೆ ಹಿಡಿಯಿರಿ ಎಂದು ನಮ್ಮ ನೆಂಟರೇ ಫೋನಿಗೆ ಕಳಿಸುತ್ತಾರೆ. ಪ್ರತಿಯೊಬ್ಬರೂ ಅವರವರ ಕೋಣೆಯಲ್ಲಿ ಕೂತು ಓದುತ್ತಾರೆ. ಹೋಗಿ ಕ್ಯಾನು ಇಳಿಸಿ ನೀರು ಕೇಳೋಣವೆಂದರೆ ಆ ಬೆಂಚು ಎಲ್ಲಿದೆ? ಟೀ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು ಎಷ್ಟೋ ವರ್ಷವಾಯಿತು. ನಮ್ಮ ಮನೆತನದ ಹೊಸ ಮಕ್ಕಳಿಗೆ ಹೊಸಿಲಿನ ಒಳಗೂ ತಮಿಳೇ. ಅಜ್ಜಿ ಆಡುತ್ತಿದ್ದ ಆ ಕನ್ನಡ ಮೈಸೂರಿನಲ್ಲಿ ಸಿಗುವುದಿಲ್ಲ, ನಮ್ಮೂರಿನಲ್ಲಿಯೂ ಇನ್ನು ಹೆಚ್ಚು ಕಾಲ ಸಿಗುವಂತಿಲ್ಲ. ಇದನ್ನು ಬರೆಯುವಾಗ ನನಗೆ ದುಃಖವಾಗುತ್ತದೆ.

ಕಳೆದ ವರ್ಷ ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಅಕ್ಕನಿಗೆ ಆಪರೇಷನ್ ಆಯಿತು. ಅರಿವಳಿಕೆಯ ಮಂಪರು ಇಳಿಯುವ ಹೊತ್ತು. ಕಣ್ಣು ಮುಚ್ಚಿಕೊಂಡೇ ತುಟಿ ಆಡಿಸಿದಳು. ‘ಅವ್ವಾ, ನೀರ್ ಕೊಡವ್ವಾ.’

ಡ್ರಿಪ್ ನೋಡುತ್ತಿದ್ದ ಚಿಕ್ಕ ವಯಸ್ಸಿನ ನರ್ಸು ನನ್ನ ಕಡೆ ತಿರುಗಿದಳು. ಅವಳು ಅನ್ನೂರಿನ ಕಡೆಯವಳೇ, ಬೆಳಿಗ್ಗೆ ಮಾತಾಡುವಾಗ ಹೇಳಿದ್ದಳು. ‘ಇದು ಎನ್ನ ಬಾಷೆಂಗಕ್ಕಾ?’ ಎಂದು ಕೇಳಿದಳು. ಇದು ಯಾವ ಭಾಷೆ ಅಕ್ಕಾ?

ಅದೇ ಊರು, ಅದೇ ಗಾಳಿ, ಅವಳಿಗೆ ಗೊತ್ತಾಗಲಿಲ್ಲ. ಆದರೆ ಅವಳು ಹೆದರಲಿಲ್ಲ, ಯಾರನ್ನೂ ಕೂಗಲಿಲ್ಲ, ಬಾಯಿ ತೆರೆದು ಕೇಳಿದಳು. ‘ನಮ್ಮ ಮನೆ ಮಾತಮ್ಮ, ನೀರು ಕೇಳ್ತಿದಾಳೆ’ ಎಂದು ತಮಿಳಿನಲ್ಲಿ ಹೇಳಿದೆ. ಅವಳು ಹತ್ತಿಯ ಉಂಡೆ ನೀರಿನಲ್ಲಿ ಅದ್ದಿ ಅಕ್ಕನ ತುಟಿಗೆ ಮೆಲ್ಲಗೆ ಒತ್ತಿದಳು.

ಅಕ್ಕ ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿದು, ಒಣಗಿದ ತುಟಿಯಲ್ಲೇ ಕೇಳಿದಳು:

‘ಪೇಪರ್ನೋರು ಬಂದ್ರಾ?’

ಆ ವಾರ್ಡಿನಲ್ಲಿ, ಬಹುಶಃ ಆ ಊರಿನಲ್ಲೇ, ಆ ಮಾತಿಗೆ ನಗುವವಳು ನಾನೊಬ್ಬಳೇ ಉಳಿದಿದ್ದೆ. ಅಕ್ಕನ ಕೈ ಹಿಡಿದುಕೊಂಡು ಅವಳ ಪಾಲಿನದನ್ನೂ ಸೇರಿಸಿ ನಕ್ಕೆ.